ಬೇಸ್‌ಬಾಲ್‌ಗೆ ಹೋಗ್ತೀನಿ ಅಂದವನು

ಡೆನ್ವರ್‌ಗೆ ಬಂದು ಸಂಸಾರ ಹೂಡಿದವರಿಗೆ ಜಾನ್ ಎಲ್ವೇ ಯಾರು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ದಿನಸಿ ಅಂಗಡಿಯ ಕ್ಯೂನಲ್ಲಿ ಮುಂದೆ ನಿಂತವರ ಬೆನ್ನ ಮೇಲೆ ಕಿತ್ತಳೆ ಬಣ್ಣದ ಜೆರ್ಸಿ, ಅದರ ಮೇಲೆ ದೊಡ್ಡದಾಗಿ 7. ಆತ ಆಟ ಬಿಟ್ಟಿದ್ದು 1999ರಲ್ಲಿ. ಆಮೇಲೆ ಹುಟ್ಟಿದ ಹುಡುಗರೂ ಅದೇ ಜೆರ್ಸಿ ತೊಟ್ಟು ಓಡಾಡುತ್ತಾರೆ. ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಎರಡು ಸೂಪರ್ ಬೌಲ್, ಅಂದರೆ ವರ್ಷದ ಅಂತಿಮ ಪಂದ್ಯ, ಗೆದ್ದುಕೊಟ್ಟವನನ್ನು ಊರು ತಲೆ ಮೇಲೆ ಹೊತ್ತು ಮೆರೆಸುತ್ತದೆ, ಅದರಲ್ಲಿ ಆಶ್ಚರ್ಯ ಏನಿಲ್ಲ. ನನ್ನ ತಲೆ ಕೊರೆಯುತ್ತಿರುವುದು ಆ ಗೆಲುವುಗಳಲ್ಲ. 1983ರ ಏಪ್ರಿಲ್ 26ರಿಂದ ಮೇ 2ರವರೆಗೆ ಒಂದು ವಾರ ನಡೆದ ಜಟಾಪಟಿ. ಆಗ ಅವನಿಗೆ 22 ವರ್ಷ. ಅಮೆರಿಕದ ಅತಿ ದೊಡ್ಡ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಅವನನ್ನು ಆ ವರ್ಷದ ಮೊದಲ ಆಯ್ಕೆ ಅಂತ ಘೋಷಿಸಿತು. ಹುಡುಗ ಮೈಕ್ ಮುಂದೆ ನಿಂತು, ನನ್ನನ್ನು ಆರಿಸಿದ ತಂಡಕ್ಕೆ ನಾನು ಬರಲ್ಲ, ಬೇಕಾದರೆ ಬೇಸ್‌ಬಾಲ್ ಆಡಿಕೊಂಡಿರ್ತೀನಿ ಅಂದುಬಿಟ್ಟ.

ನಿಜವಾಗಲೂ ಹೋಗುತ್ತಿದ್ದನಾ? ಇಲ್ಲಾ ಸುಮ್ನೆ ಹೆದರಿಸಿದ್ದಾ? ಇಲ್ಲಿಯವರನ್ನು ಕೇಳಿದರೆ ನಗುತ್ತಾರೆ. ಹೇಗೂ ಡೆನ್ವರ್‌ಗೆ ಬಂದನಲ್ಲ, ಬಿಡು ಅನ್ನುತ್ತಾರೆ. ನನಗೆ ಬಿಡಲು ಆಗಲಿಲ್ಲ.

ಕೊನೆಯವರಿಗೆ ಮೊದಲ ಆಯ್ಕೆ

ಡ್ರಾಫ್ಟ್ ಅನ್ನುವ ಪದ್ಧತಿಯನ್ನು ನಮ್ಮ ಐಪಿಎಲ್ ನೋಡಿದವರಿಗೆ ವಿವರಿಸುವುದು ಸುಲಭ, ಆದರೆ ಎರಡೂ ಒಂದೇ ಅಲ್ಲ. ಹರಾಜಿನಲ್ಲಿ ಯಾರು ಜಾಸ್ತಿ ದುಡ್ಡು ಕೂಗುತ್ತಾರೋ ಅವರ ಪಾಲಿಗೆ ಆಟಗಾರ. ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಕೂಗಾಟವೇ ಇಲ್ಲ. ಹಿಂದಿನ ವರ್ಷ ಯಾರು ಎಲ್ಲರಿಗಿಂತ ಕೆಟ್ಟದಾಗಿ ಆಡಿದರೋ ಅವರಿಗೆ ಮೊದಲ ಸರದಿ. ಕಾಲೇಜಿನಿಂದ ಬರುವ ಅತ್ಯುತ್ತಮ ಹುಡುಗ ಅತ್ಯಂತ ಹಾಳಾಗಿರುವ ತಂಡಕ್ಕೆ. ಲೀಗ್‌ನ ಸಮತೋಲನಕ್ಕೆ ಒಳ್ಳೆಯದು ಅನ್ನುತ್ತಾರೆ, ಇರಬಹುದು. ಹುಡುಗನನ್ನು ಮಾತ್ರ ಯಾರೂ ಕೇಳುವುದಿಲ್ಲ. ಒಂದು ತಂಡ ಹೆಸರು ಓದಿದ ಮೇಲೆ ಲೀಗ್‌ನ ಬೇರೆ ಯಾವ ತಂಡವೂ ಅವನ ಜೊತೆ ಮಾತಾಡುವ ಹಾಗಿಲ್ಲ. ಹೋಗು, ಇಲ್ಲಾ ಮನೆಯಲ್ಲಿ ಕೂತಿರು.

1983ರಲ್ಲಿ ಮೊದಲ ಸರದಿ ಸಿಕ್ಕಿದ್ದು ಬಾಲ್ಟಿಮೋರ್ ಕೋಲ್ಟ್ಸ್‌ಗೆ. 1982ರಲ್ಲಿ ಆಟಗಾರರ ಮುಷ್ಕರ ನಡೆದು ಸೀಸನ್ ಅರ್ಧಕ್ಕರ್ಧ ಮೊಟಕಾಗಿತ್ತು. ಆಡಿದ 9 ಪಂದ್ಯಗಳಲ್ಲಿ ಕೋಲ್ಟ್ಸ್ 8 ಸೋತು ಒಂದನ್ನು ಡ್ರಾ ಮಾಡಿಕೊಂಡಿತ್ತು. ಮಾಲೀಕ ರಾಬರ್ಟ್ ಇರ್ಸೇ ಯಾವಾಗ ಏನು ಮಾಡುತ್ತಾರೆ ಅಂತ ಅವರ ಕೈಕೆಳಗಿನವರಿಗೇ ಗೊತ್ತಿರುತ್ತಿರಲಿಲ್ಲ. ಕೋಚ್ ಫ್ರಾಂಕ್ ಕುಶ್ ಬಲು ಕಠಿಣ ಶಿಸ್ತಿನ ಮನುಷ್ಯ. ಎಲ್ವೇಯ ಅಪ್ಪ ಜ್ಯಾಕ್ ಎಲ್ವೇ ಕೂಡ ಫುಟ್‌ಬಾಲ್ ಕೋಚ್. 1981ರಲ್ಲಿ ಅವರ ಸ್ಯಾನ್ ಹೋಸೆ ಸ್ಟೇಟ್ ತಂಡ ಮಗ ಆಡುತ್ತಿದ್ದ ಸ್ಟ್ಯಾನ್‌ಫರ್ಡ್ ತಂಡವನ್ನು ಸೋಲಿಸಿಯೂ ಇತ್ತು. ಅಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಯಾವ ತಂಡದ ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಿರದೇ ಇರುತ್ತಾ? ಎಲ್ವೇ ಕಡೆಯವರು ಡ್ರಾಫ್ಟ್‌ಗೆ ಮೊದಲೇ ಕೋಲ್ಟ್ಸ್‌ಗೆ ಹೇಳಿಬಿಟ್ಟಿದ್ದರು: ನಮ್ಮ ಹುಡುಗನನ್ನು ಆರಿಸಬೇಡಿ, ಅವನು ಬರಲ್ಲ. ತಂಡದ ಜನರಲ್ ಮ್ಯಾನೇಜರ್ ಅರ್ನಿ ಅಕೋರ್ಸಿ ಕೇಳಲಿಲ್ಲ, ಆರಿಸಿಯೇ ಬಿಟ್ಟರು. ಇಂಥ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವವನು) ಬಿಟ್ಟರೆ ಮತ್ತೆ ಸಿಗಲ್ಲ ಅನ್ನುವುದು ಅವರ ಲೆಕ್ಕ. ಆ ಲೆಕ್ಕವೇನೋ ಸರಿಯಾಗೇ ಇತ್ತು.

ಸಾಮಾನ್ಯವಾಗಿ ಇಂಥ ಕಡೆ ಹುಡುಗರು ಸೋಲುತ್ತಾರೆ. ಫುಟ್‌ಬಾಲ್ ಬಿಟ್ಟರೆ ಇನ್ನೇನು ಗೊತ್ತು ಅವರಿಗೆ? ಎಲ್ವೇ ಹತ್ತಿರ ಇನ್ನೊಂದು ಇತ್ತು.

ಒನಿಯಾಂಟದ ಬೇಸಿಗೆ

ಎಲ್ವೇಯನ್ನು ಬೇಸ್‌ಬಾಲ್‌ನಲ್ಲೂ ಕೈಯಾಡಿಸಿದ ಫುಟ್‌ಬಾಲ್ ಆಟಗಾರ ಅಂದುಕೊಂಡರೆ ಕತೆ ತಪ್ಪುತ್ತದೆ. ಲಾಸ್ ಏಂಜಲಿಸ್‌ನ ಗ್ರಾನಡಾ ಹಿಲ್ಸ್ ಹೈಸ್ಕೂಲಿನಲ್ಲಿ ಓದುವಾಗಲೇ ಅವನ ಶಾಲೆ 1979ರಲ್ಲಿ ನಗರದ ಬೇಸ್‌ಬಾಲ್ ಫೈನಲ್ ಗೆದ್ದಿತ್ತು. ಪಂದ್ಯ ನಡೆದಿದ್ದು ಡಾಡ್ಜರ್ ಸ್ಟೇಡಿಯಂನಲ್ಲಿ. ಎದುರಾಳಿ ಶಾಲೆಯಲ್ಲಿ ಡ್ಯಾರಿಲ್ ಸ್ಟ್ರಾಬೆರಿ ಇದ್ದ, ಮುಂದೆ ಮೆಟ್ಸ್ ತಂಡದ ಸ್ಟಾರ್ ಆದವನು. ಅವತ್ತು ಎಲ್ವೇ ಪಿಚರ್ ಆಗಿಯೂ ಬಾಲ್ ಹಾಕಿದ. ಅದೇ ವರ್ಷ ಕ್ಯಾನ್ಸಸ್ ಸಿಟಿ ರಾಯಲ್ಸ್ ಎಂಬ ಬೇಸ್‌ಬಾಲ್ ತಂಡ ತನ್ನ ಡ್ರಾಫ್ಟ್‌ನಲ್ಲಿ ಅವನ ಹೆಸರು ಓದಿತು, 18ನೇ ಸುತ್ತಿನಲ್ಲಿ. ತಮಾಷೆ ಅಂದರೆ ಅದೇ ರಾಯಲ್ಸ್ ಅದೇ ಡ್ರಾಫ್ಟ್‌ನ 4ನೇ ಸುತ್ತಿನಲ್ಲಿ ಡ್ಯಾನ್ ಮರೀನೋನನ್ನೂ ಆರಿಸಿತ್ತು. ಆ ಕಾಲದ ಇಬ್ಬರು ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳ ಹೆಸರು ಒಂದೇ ಬೇಸ್‌ಬಾಲ್ ತಂಡದ ಪಟ್ಟಿಯಲ್ಲಿ! ಇಬ್ಬರೂ ಹೋಗಲಿಲ್ಲ, ಕಾಲೇಜಿಗೆ ಸೇರಿದರು.

ಸ್ಟ್ಯಾನ್‌ಫರ್ಡ್‌ನಲ್ಲಿ ಎಲ್ವೇ ಶರತ್ಕಾಲದಲ್ಲಿ ಫುಟ್‌ಬಾಲ್, ವಸಂತದಲ್ಲಿ ಬೇಸ್‌ಬಾಲ್ ಆಡಿದ. ಎಸೆಯುವುದು ಬಲಗೈ, ಬ್ಯಾಟಿಂಗ್ ಎಡಗೈ. ನಿಲ್ಲುತ್ತಿದ್ದಿದ್ದು ಔಟ್‌ಫೀಲ್ಡ್‌ನಲ್ಲಿ. 1981ರಲ್ಲಿ 49 ಪಂದ್ಯಗಳಲ್ಲಿ ಅವನ ಸರಾಸರಿ .361, ಹೋಮ್ ರನ್ 9. ಬೇಸ್‌ಬಾಲ್‌ನಲ್ಲಿ ಹತ್ತು ಸಲ ಬ್ಯಾಟ್ ಹಿಡಿದು ಮೂರು ಸಲ ಸರಿಯಾಗಿ ಹೊಡೆದರೆ ಒಳ್ಳೆಯ ಬ್ಯಾಟರ್ ಅನ್ನುತ್ತಾರೆ, ಹಾಗಾಗಿ ಇದು ಕಡಿಮೆ ಮಾತಲ್ಲ. ಆ ಜೂನ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಅವನನ್ನು ಎರಡನೇ ಸುತ್ತಿನಲ್ಲಿ ಆರಿಸಿತು, ಒಟ್ಟು ಲೆಕ್ಕದಲ್ಲಿ 52ನೆಯವನು. ಅವನಾದ ಮೇಲೆ ಆರನೆಯವನಾಗಿ ಸ್ಯಾನ್ ಡಿಯಾಗೋ ಪಾಲಾದವನು ಟೋನಿ ಗ್ವಿನ್. ಮುಂದೆ 3,141 ಹಿಟ್ ಹೊಡೆದು ಬೇಸ್‌ಬಾಲ್ ಹಾಲ್ ಆಫ್ ಫೇಮ್ ಸೇರಿದ ಗ್ವಿನ್! ಯಾಂಕೀಸ್ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನರ್‌ಗೆ ದೊಡ್ಡ ಹೆಸರುಗಳ ಹುಚ್ಚು. ಎಲ್ವೇ ಬ್ಯಾಟ್ ಎಷ್ಟು ಇಷ್ಟವಾಯಿತೋ ಅವನ ಹೆಸರೂ ಅಷ್ಟೇ ಇಷ್ಟವಾಗಿತ್ತು ಅಂತ ನನ್ನ ಗುಮಾನಿ. ಮುಂದೊಂದು ದಿನ ಯಾಂಕೀ ಸ್ಟೇಡಿಯಂನ ರೈಟ್ ಫೀಲ್ಡ್‌ನಲ್ಲಿ ಇವನನ್ನೇ ನಿಲ್ಲಿಸಬೇಕು ಅನ್ನುವ ಆಸೆ ಅವರಿಗಿತ್ತು.

ಇಲ್ಲಿ ನಿಯಮವೊಂದು ನೆರವಿಗೆ ಬಂತು. ಒಂದು ಆಟದಲ್ಲಿ ದುಡ್ಡು ತೆಗೆದುಕೊಂಡು ವೃತ್ತಿಪರನಾದರೂ ಇನ್ನೊಂದು ಆಟವನ್ನು ಕಾಲೇಜಿನಲ್ಲಿ ಆಡಬಹುದು ಅಂತ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಒಪ್ಪುತ್ತಿತ್ತು. ಯಾಂಕೀಸ್ ಜೊತೆ ಸಹಿ ಹಾಕಿದ ಮೇಲೆ ಎಲ್ವೇಯ ಕಾಲೇಜು ಬೇಸ್‌ಬಾಲ್ ಮುಗಿಯಿತು, ಕಾಲೇಜು ಫುಟ್‌ಬಾಲ್ ಉಳಿಯಿತು. ಒಂದು ಲಕ್ಷ ಡಾಲರ್‌ಗೂ ಮೀರಿದ ಮೊತ್ತ ಕಿಸೆಗೆ ಬಂತು. 1982ರ ಬೇಸಿಗೆಯಲ್ಲಿ ನ್ಯೂಯಾರ್ಕ್ ರಾಜ್ಯದ ಒನಿಯಾಂಟ ಎಂಬ ಸಣ್ಣ ಊರಿಗೆ ಹೋಗಿ ಯಾಂಕೀಸ್‌ನ ಕೆಳಹಂತದ ತಂಡಕ್ಕೆ 42 ಪಂದ್ಯ ಆಡಿದ. ಸರಾಸರಿ .318. ಬೇಸಿಗೆ ಮುಗಿಯುತ್ತಿದ್ದಂತೆ ಮತ್ತೆ ಸ್ಟ್ಯಾನ್‌ಫರ್ಡ್‌ಗೆ ಬಂದು ಹೆಲ್ಮೆಟ್ ಹಾಕಿಕೊಂಡ.

ಆ .318 ಏನನ್ನು ಸಾಬೀತು ಮಾಡುತ್ತದೆ? ಹೆಚ್ಚೇನಿಲ್ಲ. ಕೆಳಹಂತದಲ್ಲಿ ಚೆನ್ನಾಗಿ ಹೊಡೆದು ಮೇಲೆ ಹೋದ ಮೇಲೆ ಕಳೆದುಹೋದವರು ಎಷ್ಟೋ ಜನ. ಆದರೆ ಆ ಅಂಕಿ .190 ಆಗಿದ್ದರೆ? ಇರ್ಸೇ ಬಾಯ್ತುಂಬಾ ನಕ್ಕು, ಹೋಗಪ್ಪಾ ಹೋಗು, ಬ್ಯಾಟ್ ಬೀಸು ಅನ್ನುತ್ತಿದ್ದರು. ಒನಿಯಾಂಟದಲ್ಲಿ ಒಂದು ಬೇಸಿಗೆ ಬೆವರು ಸುರಿಸಿದ್ದರಿಂದ ಆ ಬೆದರಿಕೆಗೆ ತೂಕ ಬಂತು.

ಕಾಲೇಜು ಫುಟ್‌ಬಾಲ್‌ನಲ್ಲಿ ಅವನ ಕೊನೆಯ ಪಂದ್ಯದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1982ರ ನವೆಂಬರ್ 20, ಎದುರಾಳಿ ಕ್ಯಾಲಿಫೋರ್ನಿಯಾ, ಅಂದರೆ ಬರ್ಕ್ಲಿ. ಕೊನೇ ಗಳಿಗೆಯಲ್ಲಿ ನಾಲ್ಕನೇ ಡೌನ್, ಅಂದರೆ ಚೆಂಡು ಮುಂದೆ ಒಯ್ಯಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಕೊನೆಯದು, ಇನ್ನೂ 17 ಗಜ ಬೇಕು, ಚೆಂಡು ತಮ್ಮದೇ 13ನೇ ಗಜದಲ್ಲಿ. ಅಲ್ಲಿಂದ ಎಲ್ವೇ ತಂಡವನ್ನು ಎತ್ತಿಕೊಂಡು ಹೋದ. ಫೀಲ್ಡ್ ಗೋಲ್ ಬಿತ್ತು, 20-19. ಉಳಿದಿದ್ದು 4 ಸೆಕೆಂಡ್. ಗೆದ್ದೆವು ಅಂದುಕೊಂಡು ಸ್ಟ್ಯಾನ್‌ಫರ್ಡ್‌ನ ವಾದ್ಯವೃಂದ ಮೈದಾನಕ್ಕೇ ಇಳಿದುಬಿಟ್ಟಿತು. ಬರ್ಕ್ಲಿ ಹುಡುಗರು ಚೆಂಡನ್ನು ಕೈಯಿಂದ ಕೈಗೆ ಐದು ಸಲ ಹಿಂದಕ್ಕೆ ದಾಟಿಸುತ್ತಾ, ವಾದ್ಯದವರ ನಡುವೆ ನುಗ್ಗಿ, ಕೊನೆಗೆ ಟ್ರಾಂಬೋನ್ ಊದುವವನಿಗೆ ಡಿಕ್ಕಿ ಹೊಡೆದು ಗೆದ್ದರು. ಎಲ್ವೇ ಬದಿಯಲ್ಲಿ ನಿಂತು ನೋಡಿದ. ನಾಲ್ಕು ವರ್ಷದಲ್ಲಿ ಅವನಿಗೆ ಸೀಸನ್ ಕೊನೆಯಲ್ಲಿ ಒಳ್ಳೆಯ ಕಾಲೇಜು ತಂಡಗಳಿಗೆ ಸಿಗುವ ಬೌಲ್ ಪಂದ್ಯ ಒಂದನ್ನೂ ಆಡುವ ಭಾಗ್ಯ ಸಿಗಲಿಲ್ಲ.

ಬಾಲ್ಟಿಮೋರ್‌ನ ಯಜಮಾನರು

ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಬಾಲ್ಟಿಮೋರ್‌ನಲ್ಲಿ ಹುಟ್ಟಿ ಬೆಳೆದ ಹಿರಿಯರೊಬ್ಬರಿದ್ದರು. ನಿವೃತ್ತಿಯ ಅಂಚಿನಲ್ಲಿದ್ದವರು. ನಾನು ಮನಸ್ಸಿನಲ್ಲೇ ಅವರನ್ನು ಯಜಮಾನರು ಅಂತ ಕರೆಯುತ್ತಿದ್ದೆ. ಆಫೀಸಿನಲ್ಲಿ ಭಾನುವಾರದ ಪಂದ್ಯದ ಮಾತು ಬಂದಾಗಲೆಲ್ಲ ಅವರು ಎದ್ದು ಕಾಫಿಗೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಊಟದ ಕೋಣೆಯಲ್ಲಿ ಮೈಕ್ರೋವೇವ್ ಮುಂದೆ ನಿಂತು ಚಿತ್ರಾನ್ನ ಬಿಸಿ ಮಾಡುತ್ತಿದ್ದೆ. ಸುಮ್ಮನೆ ಮಾತಿಗೆ, ಎಲ್ವೇ ಅಂದರೆ ಈ ಊರಿನವರಿಗೆ ಯಾಕಿಷ್ಟು ಪ್ರೀತಿ ಅಂತ ಕೇಳಿದೆ. ಯಜಮಾನರು ಸ್ಯಾಂಡ್‌ವಿಚ್ ಕೆಳಗಿಟ್ಟರು. "ನಿಮ್ಮ ಊರಿಗೆ ಬರಲ್ಲ, ನಿಮ್ಮನ್ನು ಕಂಡರೆ ಆಗಲ್ಲ ಅಂತ ಟಿವಿಯಲ್ಲಿ ನಿಂತು ಒಬ್ಬ ಹೇಳಿದರೆ ನಿಮಗೆ ಹೇಗಿರುತ್ತೆ?" ಅಂದರು. ಅವನು ಊರಿನ ಬಗ್ಗೆ ಹೇಳಲಿಲ್ಲವಲ್ಲ, ಮಾಲೀಕ ಮತ್ತು ಕೋಚ್ ಬಗ್ಗೆ ಅಲ್ವಾ ಅಂದೆ. "ನಮಗೆ ಕೇಳಿಸಿದ್ದು ಊರಿನ ಹೆಸರೇ" ಅಂದರು.

ಆಮೇಲೆ ಒಂದೇ ಸಮ ಹೇಳುತ್ತಾ ಹೋದರು. 1983ರ ಸೆಪ್ಟೆಂಬರ್ 11ಕ್ಕೆ ಎಲ್ವೇ ಡೆನ್ವರ್ ಪರ ಬಾಲ್ಟಿಮೋರ್‌ಗೆ ಆಡಲು ಬಂದಾಗ ಅವರೂ ಮೈದಾನದಲ್ಲಿದ್ದರಂತೆ. ಅವನು ಚೆಂಡು ಮುಟ್ಟಿದಾಗಲೆಲ್ಲ ಇಡೀ ಸ್ಟೇಡಿಯಂ ಬೂ ಅಂದಿತು. ಎದುರಿನವರ ಸದ್ದಿಗೆ ಹುಡುಗ ತಬ್ಬಿಬ್ಬಾದ, ಕೊನೆಗೆ ಪಂದ್ಯ ಗೆಲ್ಲಿಸಿಕೊಟ್ಟಿದ್ದು ಹಳೇ ಕ್ವಾರ್ಟರ್‌ಬ್ಯಾಕ್ ಸ್ಟೀವ್ ಡಿಬರ್ಗ್. ಅದನ್ನು ಹೇಳುವಾಗ ಯಜಮಾನರ ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಅದೇ ಡಿಸೆಂಬರ್‌ನಲ್ಲಿ ಡೆನ್ವರ್‌ನಲ್ಲಿ ಮತ್ತೆ ಎದುರಾದಾಗ ಕೋಲ್ಟ್ಸ್ 19-0 ಮುಂದಿತ್ತು, ಎಲ್ವೇ ಅದನ್ನು 21-19 ಮಾಡಿ ಕಳಿಸಿದ. ಅದನ್ನು ಅವರು ಹೇಳಲಿಲ್ಲ, ನಾನು ಆಮೇಲೆ ಓದಿ ತಿಳಿದುಕೊಂಡೆ.

ಅವರ ಕೋಪದ ಬೇರು ಬೇರೆ ಕಡೆ ಇತ್ತು. 1984ರ ಮಾರ್ಚ್ 28ರ ರಾತ್ರಿ, ಮೇಫ್ಲವರ್ ಕಂಪನಿಯ ಲಾರಿಗಳು ಬಂದು ಕೋಲ್ಟ್ಸ್ ತಂಡದ ಸಾಮಾನನ್ನೆಲ್ಲ ತುಂಬಿಕೊಂಡು, ಬೆಳಗಾಗುವಷ್ಟರಲ್ಲಿ ಇಂಡಿಯಾನಾಪೊಲಿಸ್ ದಾರಿ ಹಿಡಿದವು. ಊರಿನ ತಂಡ ರಾತ್ರೋರಾತ್ರಿ ಊರನ್ನೇ ಬಿಟ್ಟುಹೋಯಿತು. "ಅವನು ಬಂದಿದ್ರೆ ಆ ಲಾರಿಗಳು ಬರ್ತಿರಲಿಲ್ಲ" ಅಂದರು ಯಜಮಾನರು. ಇದನ್ನು ನಾನು ಒಪ್ಪಲ್ಲ. ಇರ್ಸೇ ಅದಕ್ಕೂ ಮುಂಚಿನಿಂದ ಬೇರೆ ಊರುಗಳ ಜೊತೆ ಮಾತುಕತೆ ನಡೆಸುತ್ತಿದ್ದರು. ಸ್ಟೇಡಿಯಂ ವಿಷಯಕ್ಕೆ ನಗರದ ಜೊತೆ ಜಗಳ ಇತ್ತು. ಇಂಡಿಯಾನಾಪೊಲಿಸ್ ಆಗಲೇ ಹೊಸ ಸ್ಟೇಡಿಯಂ ಕಟ್ಟಿ ತಂಡಕ್ಕಾಗಿ ಕಾಯುತ್ತಿತ್ತು. ಮೇರಿಲ್ಯಾಂಡ್ ಸರ್ಕಾರ ತಂಡವನ್ನೇ ಸ್ವಾಧೀನ ಮಾಡಿಕೊಳ್ಳುವ ಕಾನೂನು ತರಲು ಹೊರಟಿತು, ಅದರ ಸುಳಿವು ಸಿಕ್ಕ ಕೂಡಲೇ ಮಾಲೀಕರು ಗಂಟುಮೂಟೆ ಕಟ್ಟಿದರು. 22ರ ಹುಡುಗನ ತಲೆಗೆ ಇದನ್ನು ಕಟ್ಟುವುದು ಅನ್ಯಾಯ. ಆದರೆ ಅವತ್ತು ಅದನ್ನೆಲ್ಲ ಯಜಮಾನರಿಗೆ ಹೇಳಲು ಬಾಯಿ ಬರಲಿಲ್ಲ. ಚಿತ್ರಾನ್ನ ಕೊಟ್ಟೆ. ಶೇಂಗಾ ಆರಿಸಿ ತಿಂದರು.

ಎರಡು ಎಕರೆ

ಮೊಮ್ಮಗನನ್ನು ನೋಡಲು ಅಪ್ಪ ಊರಿಂದ ಬಂದಿದ್ದ ಚಳಿಗಾಲ. ಹೊರಗೆ ಹಿಮ, ವಾಕಿಂಗ್ ಇಲ್ಲ, ಅಪ್ಪನಿಗೆ ಹೊತ್ತು ಹೋಗುತ್ತಿರಲಿಲ್ಲ. ಟಿವಿಯಲ್ಲಿ ಹಳೆಯ ಪಂದ್ಯ ಬರುತ್ತಿತ್ತು. 1987ರ ಜನವರಿ 11, ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಪಂದ್ಯ. ಡೆನ್ವರ್ 7 ಅಂಕ ಹಿಂದೆ, ಐದೂವರೆ ನಿಮಿಷ ಬಾಕಿ, ಚೆಂಡು ತಮ್ಮದೇ 2ನೇ ಗಜದ ಗೆರೆಯಲ್ಲಿ. ಅಂದರೆ ಬೆನ್ನಿಗೆ ಗೋಡೆ. ಅಲ್ಲಿಂದ 15 ಪ್ರಯತ್ನಗಳಲ್ಲಿ 98 ಗಜ ಸಾಗಿಸಿ ಎಲ್ವೇ ಸಮ ಮಾಡಿದ, ಹೆಚ್ಚುವರಿ ಸಮಯದಲ್ಲಿ ಡೆನ್ವರ್ 23-20ರಿಂದ ಗೆದ್ದಿತು. ಇಲ್ಲಿಯವರಿಗೆ ಇದು ಬಾಯಿಪಾಠ. ಅಪ್ಪನಿಗೆ ಆಟ ಅರ್ಥವಾಗಲಿಲ್ಲ. ಇವರೆಲ್ಲ ಯಾಕೆ ಒಬ್ಬರ ಮೇಲೊಬ್ಬರು ಬೀಳ್ತಾರೆ ಅಂತ ಕೇಳಿದರು. ಆಟ ಬಿಟ್ಟು ನಾನು ಆ ಹುಡುಗನ ಕತೆ ಹೇಳಿದೆ. ಡ್ರಾಫ್ಟ್, ಇರ್ಸೇ, ಯಾಂಕೀಸ್, ಒನಿಯಾಂಟ, ಎಲ್ಲ.

ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಸುತ್ತಿ ಬಳಸದೆ ಕೇಳಿದರು: "ಅಂದ್ರೆ ಅವನಿಗೆ ಊರಲ್ಲಿ ಜಮೀನಿತ್ತು ಅನ್ನು." ನಾನು ನಕ್ಕೆ. ಅವರು ನಗಲಿಲ್ಲ. "ನನಗೂ ಎರಡು ಎಕರೆ ನೀರಾವರಿ ಇದ್ದಿದ್ರೆ, ಅವತ್ತು ಆ ಸಾಹೇಬರ ಟೇಬಲ್ ಮೇಲೆ ರಾಜೀನಾಮೆ ಬಿಸಾಕಿ ಬಸ್ ಹತ್ತುತ್ತಿದ್ದೆ. ಉಳೋದಕ್ಕೆ ಬರದಿದ್ರೂ ಪರವಾಗಿಲ್ಲ. ಇದೆ ಅಂತ ಸಾಹೇಬರಿಗೆ ಗೊತ್ತಿದ್ದಿದ್ರೆ ಸಾಕಾಗಿತ್ತು. ವರ್ಗಾವಣೆ ಆಗ್ತಾನೇ ಇರಲಿಲ್ಲ." ಯಾವ ಸಾಹೇಬರು, ಯಾವ ವರ್ಗಾವಣೆ ಅಂತ ನನಗೆ ಗೊತ್ತು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅವರೊಬ್ಬರೇ ಬೇರೆ ಜಿಲ್ಲೆಯಲ್ಲಿ ರೂಮು ಮಾಡಿಕೊಂಡು ಇದ್ದರು, ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದರು. ಆ ಬಗ್ಗೆ ಅಪ್ಪ ಅಷ್ಟು ಮಾತಾಡಿದ್ದು ಅದೇ ಮೊದಲು.

ನನ್ನ ಪ್ರಶ್ನೆಗೆ ಅಪ್ಪನ ಮಾತಿನಲ್ಲಿ ಅರ್ಧ ಉತ್ತರ ಇದೆ. ಎಲ್ವೇ ಉಳುತ್ತಿದ್ದನೋ ಇಲ್ಲವೋ, ಜಮೀನು ಇದೆ ಅಂತ ಎದುರಿನವರಿಗೆ ಗೊತ್ತಿತ್ತು. ಉಳಿದರ್ಧ ನನ್ನ ಊಹೆ: ಹೋಗುತ್ತಿದ್ದ. ಕನಿಷ್ಠ ಒಂದು ವರ್ಷ. ಅವನ ಹಟ ಅಂಥದ್ದು. ಒಂದು ವರ್ಷ ಆದ ಮೇಲೆ ಬೇಸ್‌ಬಾಲ್ ಬೇಜಾರಾಗಿ ಫುಟ್‌ಬಾಲ್‌ಗೆ ಮರಳುತ್ತಿದ್ದ ಅಂತಲೂ ಅನ್ನಿಸುತ್ತದೆ.

ವೀಸಾ ಮೇಲೆ ಇಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಈ ಕತೆ ಬೇರೆ ಥರ ಚುಚ್ಚುತ್ತದೆ. ಎಚ್-1ಬಿ ಇರುವವರ ಕೆಲಸ ಹೋದರೆ ಹೆಚ್ಚೆಂದರೆ 60 ದಿನದೊಳಗೆ ಇನ್ನೊಂದು ಕಡೆ ಸೇರಬೇಕು, ಇಲ್ಲಾ ಬೇರೆ ದಾರಿ ನೋಡಬೇಕು. ಕಂಪನಿ ಬದಲಾಯಿಸಬಹುದು, ನಿಜ. ಆದರೆ ಮೀಟಿಂಗಿನಲ್ಲಿ "ಇದು ನನ್ನ ಕೈಲಿ ಆಗಲ್ಲ" ಅನ್ನುವ ಮೊದಲು ತಲೆಯಲ್ಲಿ ಆ 60 ಓಡುತ್ತದೆ. ಗೆಳೆಯನೊಬ್ಬ ಮೈಸೂರಿನಲ್ಲಿ ಸೈಟು ತಗೊಂಡ ಮೇಲೆ ಮ್ಯಾನೇಜರ್ ಜೊತೆ ಮಾತಾಡುವ ಧಾಟಿಯೇ ಬದಲಾಯಿತು. ಮನೆ ಇನ್ನೂ ಕಟ್ಟಿಲ್ಲ.

ಆ ತೋಳು

ಕೊನೆಗೆ ಮಣಿದವರು ಇರ್ಸೇ. ಅಕೋರ್ಸಿ ಕಾಯೋಣ, ಇನ್ನೂ ಜಾಸ್ತಿ ಬೆಲೆ ಬರುತ್ತೆ ಅನ್ನುತ್ತಿದ್ದರೆ, ಮಾಲೀಕರು ಅವರಿಗೆ ಹೇಳದೇ ಕೇಳದೇ ಮೇ 2ರಂದು ಡೆನ್ವರ್ ಜೊತೆ ವ್ಯವಹಾರ ಮುಗಿಸಿದರು. ಅಕೋರ್ಸಿ ಆಮೇಲೆ ಕೋಲ್ಟ್ಸ್ ಬಿಟ್ಟರು. ಇದರಲ್ಲೊಂದು ವಿಚಿತ್ರ ಇದೆ. 2004ರಲ್ಲಿ ಈಲೈ ಮ್ಯಾನಿಂಗ್ ಎಂಬ ಕ್ವಾರ್ಟರ್‌ಬ್ಯಾಕ್ ಕೂಡ ಇದೇ ಥರ ಸ್ಯಾನ್ ಡಿಯಾಗೋಗೆ ಹೋಗಲ್ಲ ಅಂದ. ಅವನನ್ನು ಡ್ರಾಫ್ಟ್ ದಿನವೇ ನ್ಯೂಯಾರ್ಕ್ ಜೈಂಟ್ಸ್‌ಗೆ ಕರೆತಂದ ಜನರಲ್ ಮ್ಯಾನೇಜರ್ ಇದೇ ಅಕೋರ್ಸಿ. ಈಲೈಗೆ ಬೇಸ್‌ಬಾಲ್ ಇರಲಿಲ್ಲ. ಬೆನ್ನಿಗೆ ಆರ್ಚಿ ಮ್ಯಾನಿಂಗ್ ಅನ್ನುವ ಅಪ್ಪ, ಪೇಟನ್ ಅನ್ನುವ ಅಣ್ಣ ಇದ್ದರು, ಇಬ್ಬರೂ ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳು. ಅದೂ ಒಂದು ಬಗೆಯ ಆಸ್ತಿಯೇ.

ಡೆನ್ವರ್ ಸೇರಿದ ಎಲ್ವೇ ಮೊದಲ ಪಂದ್ಯದಲ್ಲೇ ನಗೆಪಾಟಲಾದ. ಪಿಟ್ಸ್‌ಬರ್ಗ್‌ನಲ್ಲಿ 8 ಸಲ ಎಸೆದು ಒಂದೇ ಒಂದು ಸಲ ಗುರಿ ಮುಟ್ಟಿಸಿದ, ಬಂದಿದ್ದು 14 ಗಜ. ಚೆಂಡು ಕೊಡಬೇಕಾದ ಸೆಂಟರ್‌ನ ಹಿಂದೆ ನಿಲ್ಲುವ ಬದಲು ಪಕ್ಕದ ಗಾರ್ಡ್‌ನ ಹಿಂದೆ ಹೋಗಿ ಕೈ ಚಾಚಿ ನಿಂತ. ಅಷ್ಟೆಲ್ಲ ಸದ್ದು ಮಾಡಿ ಬಂದವನು ಹೀಗೆ ಮಾಡಿದರೆ ಜನ ಬಿಡುತ್ತಾರಾ?

ನಿಧಾನಕ್ಕೆ ತೋಳು ಮಾತಾಡಿತು. ಬೇಸ್‌ಬಾಲ್‌ನಲ್ಲಿ ದೂರದಿಂದ ಚೆಂಡನ್ನು ನೆಟ್ಟಗೆ ಬೇಸ್‌ಗೆ ಎಸೆದು ರೂಢಿಯಾದ ತೋಳು. ಅವನ ಎಸೆತ ಹಿಡಿಯುತ್ತಿದ್ದ ರಿಸೀವರ್‌ಗಳ ಎದೆಯ ಮೇಲೆ ಸಣ್ಣ ಶಿಲುಬೆಯಂಥ ಗುರುತು ಬೀಳುತ್ತಿತ್ತು. ಚೆಂಡಿನ ತುದಿಯಲ್ಲಿ ಹೊಲಿಗೆಗಳು ಸೇರುವ ಜಾಗ ಚರ್ಮದಲ್ಲಿ ಅಚ್ಚೊತ್ತುತ್ತಿತ್ತು. ಎಲ್ವೇ ಕ್ರಾಸ್ ಅಂತಲೇ ಅದಕ್ಕೆ ಹೆಸರು. ಓಡುತ್ತಾ ಓಡುತ್ತಾ, ಕಾಲು ನೆಲಕ್ಕೆ ಸರಿಯಾಗಿ ಊರದೆಯೇ, ಮೈದಾನದ ಇನ್ನೊಂದು ಬದಿಗೆ ಎಸೆಯುವುದು ಉಳಿದವರಿಗೆ ದುಸ್ಸಾಹಸ, ಅವನಿಗೆ ಅಭ್ಯಾಸ. ಹಳೆಯ ಆಟದ ಅಭ್ಯಾಸ ಅಂತ ನನ್ನ ನಂಬಿಕೆ.

ಆದರೂ ಸೂಪರ್ ಬೌಲ್ ಮೂರು ಸಲ ಕೈಗೆ ಬಂದು ಜಾರಿತು. ಜೈಂಟ್ಸ್ ಎದುರು 39-20, ವಾಷಿಂಗ್ಟನ್ ಎದುರು 42-10, ಸ್ಯಾನ್ ಫ್ರಾನ್ಸಿಸ್ಕೋ ಎದುರು 55-10. ಒಂದಕ್ಕಿಂತ ಒಂದು ಹೀನಾಯ. ಗೆದ್ದಿದ್ದು 1998ರ ಜನವರಿ 25ರಂದು, ಗ್ರೀನ್ ಬೇ ಎದುರು 31-24. ಆಗ ಅವನಿಗೆ 37. ಅವತ್ತು ಅವನ ತೋಳು ಕೆಲಸ ಮಾಡಿದ್ದು ಅಷ್ಟಕ್ಕಷ್ಟೇ, 123 ಗಜ ಮಾತ್ರ. ನಿಜವಾದ ಹೀರೋ ಚೆಂಡು ಹಿಡಿದು ಓಡುವ ಟೆರೆಲ್ ಡೇವಿಸ್. ಆದರೆ 17-17 ಇದ್ದಾಗ ಮೂರನೇ ಡೌನ್‌ನಲ್ಲಿ ಎಸೆಯಲು ದಾರಿ ಕಾಣದೆ ಎಲ್ವೇ ತಾನೇ ಓಡಿದ, ಎದುರಾಳಿಗಳ ಮೇಲೆ ಹಾರಿದ, ಅವರ ಡಿಕ್ಕಿಗೆ ಗಾಳಿಯಲ್ಲೇ ಗಿರ್ರನೆ ತಿರುಗಿ ಬಿದ್ದ. 8 ಗಜ ಬಂತು. ಆ ಓಟವನ್ನು ಡೆನ್ವರ್ ಇವತ್ತಿಗೂ ಮರೆತಿಲ್ಲ. ಮುಂದಿನ ವರ್ಷ ಇನ್ನೊಂದು ಗೆದ್ದು, 1999ರ ಮೇ 2ರಂದು ನಿವೃತ್ತಿ ಹೇಳಿದ. ಡೆನ್ವರ್‌ಗೆ ಬಂದ ತಾರೀಖೂ ಅದೇ, 16 ವರ್ಷದ ಹಿಂದೆ.

ಬೇಸ್‌ಬಾಲ್‌ಗೆ ಹೋದವನು, ಬಿಟ್ಟವನು

ನಿಜವಾಗಿ ಹೋದವನೂ ಒಬ್ಬನಿದ್ದಾನೆ. ಆಬರ್ನ್ ಕಾಲೇಜಿನ ಬೋ ಜ್ಯಾಕ್ಸನ್. 1986ರಲ್ಲಿ ಟ್ಯಾಂಪಾ ಬೇ ಫುಟ್‌ಬಾಲ್ ತಂಡದ ಮಾಲೀಕರ ಖಾಸಗಿ ವಿಮಾನದಲ್ಲಿ ಅವರನ್ನು ನೋಡಲು ಹೋಗಿಬಂದಿದ್ದು ಕಾಲೇಜು ಆಟದ ನಿಯಮ ಮೀರಿದಂತಾಗಿ ಅವನ ಕೊನೆಯ ಕಾಲೇಜು ಬೇಸ್‌ಬಾಲ್ ಸೀಸನ್ ಕೈತಪ್ಪಿತು. ಬೇಕಂತಲೇ ಹೀಗೆ ಮಾಡಿದರು ಅಂತ ಅವನಿಗೆ ಸಿಟ್ಟು ಬಂತು. ಆರಿಸಿದರೂ ಬರಲ್ಲ ಅಂದ. ಅವರು ಮೊದಲ ಆಯ್ಕೆಯಾಗಿ ಆರಿಸಿದರು. ಏಳು ಮಿಲಿಯನ್ ಡಾಲರ್ ಮೀರಿದ ಒಪ್ಪಂದ ಬಿಟ್ಟು, ಒಂದು ಮಿಲಿಯನ್ ಚಿಲ್ಲರೆಗೆ ರಾಯಲ್ಸ್ ಬೇಸ್‌ಬಾಲ್ ತಂಡ ಸೇರಿದ. ಮರುವರ್ಷ ರೇಡರ್ಸ್ ಅವನನ್ನು ಏಳನೇ ಸುತ್ತಿನಲ್ಲಿ ಆರಿಸಿದಾಗ ಫುಟ್‌ಬಾಲನ್ನೂ ಆಡಿದ, ಬೇಸ್‌ಬಾಲ್ ಮುಗಿದ ಮೇಲೆ ಉಳಿದ ಸಮಯದಲ್ಲಿ. 1991ರ ಜನವರಿಯಲ್ಲಿ ಫುಟ್‌ಬಾಲ್ ಮೈದಾನದಲ್ಲೇ ಸೊಂಟದ ಕೀಲಿಗೆ ಪೆಟ್ಟು ಬಿತ್ತು. ಎಲ್ವೇ ಬರೀ ಹೇಳಿದ್ದನ್ನು ಬೋ ಮಾಡಿ ತೋರಿಸಿದ.

ಕೈಲರ್ ಮರ್ರಿ ಕಾಲಕ್ಕೆ ಲೆಕ್ಕಾಚಾರ ಇನ್ನೂ ಬಿಡುಬೀಸಾಗಿತ್ತು. 2018ರಲ್ಲಿ ಓಕ್ಲಂಡ್ ಏಸ್ ಅವನನ್ನು ಬೇಸ್‌ಬಾಲ್ ಡ್ರಾಫ್ಟ್‌ನಲ್ಲಿ 9ನೆಯವನಾಗಿ ಆರಿಸಿ 4.66 ಮಿಲಿಯನ್ ಡಾಲರ್‌ಗೆ ಒಪ್ಪಂದ ಮಾಡಿಕೊಂಡಿತು. ಇನ್ನೊಂದು ವರ್ಷ ಕಾಲೇಜು ಫುಟ್‌ಬಾಲ್ ಆಡಿ ಬರ್ತೀನಿ ಅಂದ, ಒಪ್ಪಿದರು. ಆ ಒಂದು ವರ್ಷದಲ್ಲಿ ಓಕ್ಲಹೋಮಾ ಪರ ಆಡಿ ಅತ್ಯುತ್ತಮ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದುಬಿಟ್ಟ! 2019ರ ಫೆಬ್ರವರಿಯಲ್ಲಿ ಫುಟ್‌ಬಾಲೇ ಅಂತ ಟ್ವಿಟರ್‌ನಲ್ಲಿ ಹೇಳಿ, ಆಗಲೇ ಪಡೆದಿದ್ದ ಹಣದಲ್ಲಿ 1.29 ಮಿಲಿಯನ್ ವಾಪಸ್ ಕೊಟ್ಟ. ಏಪ್ರಿಲ್‌ನಲ್ಲಿ ಅರಿಜೋನ ಮೊದಲ ಆಯ್ಕೆ ಮಾಡಿತು. ಎರಡೂ ಡ್ರಾಫ್ಟ್‌ಗಳ ಮೊದಲ ಸುತ್ತಿನಲ್ಲಿ ಆಯ್ಕೆಯಾದ ಮೊದಲಿಗ ಅವನೇ. ಅಲ್ಲಿ ಜಗಳವೇ ಆಗಲಿಲ್ಲ. ದುಡ್ಡು ಎಲ್ಲಿ ಜಾಸ್ತಿ ಅಂತ ಎಲ್ಲರಿಗೂ ಗೊತ್ತಿತ್ತು.

ಇವರೆಲ್ಲರ ಕತೆ ಓದುತ್ತಾ ಹೋದಂತೆ ನನಗೆ ಜಾಸ್ತಿ ಕಾಡಿದವನು ಕ್ರಿಸ್ ಹಿಂಟನ್. 1983ರಲ್ಲಿ ಡೆನ್ವರ್ ನಾಲ್ಕನೆಯವನಾಗಿ ಆರಿಸಿದ್ದ ಟ್ಯಾಕಲ್, ಅಂದರೆ ಎದುರಾಳಿಗಳನ್ನು ತಡೆದು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಆಟಗಾರ. ಒಂದು ವಾರವೂ ಆಗಿರಲಿಲ್ಲ, ಎಲ್ವೇಗೆ ಬದಲಾಗಿ ಅವನನ್ನು, ಮಾರ್ಕ್ ಹರ್ಮನ್ ಎಂಬ ಇನ್ನೊಬ್ಬ ಕ್ವಾರ್ಟರ್‌ಬ್ಯಾಕನ್ನು, ಮುಂದಿನ ವರ್ಷದ ಮೊದಲ ಸುತ್ತಿನ ಒಂದು ಆಯ್ಕೆಯನ್ನು ಬಾಲ್ಟಿಮೋರ್‌ಗೆ ಕೊಟ್ಟುಬಿಟ್ಟರು. ಒಬ್ಬ ಹೋಗಲ್ಲ ಅಂದ ಜಾಗಕ್ಕೆ ಇನ್ನೊಬ್ಬನನ್ನು ಕಳಿಸಿದರು. ಹಿಂಟನ್ ಹೋದ, ಆಡಿದ, ಚೆನ್ನಾಗಿಯೇ ಆಡಿದ. ಲೀಗ್‌ನ ಅತ್ಯುತ್ತಮರು ಆಡುವ ಪ್ರೊ ಬೌಲ್‌ಗೆ ಏಳು ಸಲ ಆಯ್ಕೆಯಾದ. 1990ರಲ್ಲಿ ಕೋಲ್ಟ್ಸ್‌ಗೆ ಮತ್ತೆ ಮೊದಲ ಆಯ್ಕೆ ಬೇಕಾಯಿತು, ಈ ಸಲ ಜೆಫ್ ಜಾರ್ಜ್ ಎಂಬ ಕ್ವಾರ್ಟರ್‌ಬ್ಯಾಕ್‌ಗಾಗಿ. ಅದಕ್ಕೂ ಬೆಲೆಯಾಗಿ ಅಟ್ಲಾಂಟಕ್ಕೆ ಕಳಿಸಿದವರಲ್ಲಿ ಹಿಂಟನ್ ಒಬ್ಬ.

ಆ ಕೆಲಸ ಬಿಡುವ ಮುಂಚೆ ಒಂದು ದಿನ ಯಜಮಾನರಿಗೆ ಇದನ್ನು ಹೇಳಿದೆ. ಎಲ್ವೇ ಬರದಿದ್ದರೂ ಬಾಲ್ಟಿಮೋರ್‌ಗೆ ಹಿಂಟನ್ ಸಿಕ್ಕನಲ್ಲ, ಅಷ್ಟೇನೂ ನಷ್ಟ ಆಗಲಿಲ್ಲ ಅಲ್ವಾ ಅಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

"ಒಂದೇ ಸೀಸನ್" ಅಂದರು. "ಅವನನ್ನೂ ಅದೇ ಲಾರಿಗೆ ಹೇರಿಕೊಂಡು ಹೋದರಲ್ಲಪ್ಪಾ."